ಬೆವರು ಆರಲು ಬಿಡುವ ಯೂನಿಫಾರ್ಮ್: ಸೆಖೆಯ ಊರಿನ ಪೋಷಕರಿಗೆ

ಯಾವ ಬಟ್ಟೆಯೂ ತಾನಾಗಿ ಮೈಯನ್ನು ತಂಪು ಮಾಡುವುದಿಲ್ಲ. ತಂಪು ಮಾಡುವುದು ಬೆವರು, ಅದೂ ತೊಟ್ಟಿಕ್ಕಿ ಬಿದ್ದಾಗ ಅಲ್ಲ, ಆವಿಯಾಗಿ ಹೋದಾಗ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 2.4 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಬಟ್ಟೆಯಿಂದ ನಾವು ಕೇಳಬೇಕಾದದ್ದು ಆ ಆವಿಗೆ ಅಡ್ಡ ನಿಲ್ಲಬೇಡ ಎಂಬುದಷ್ಟೇ. ಖಾಸಗಿ ಶಾಲೆಗಳ ಯೂನಿಫಾರ್ಮ್ ಮಾತ್ರ ಅಡ್ಡ ನಿಲ್ಲುವುದರಲ್ಲೇ ನಿಪುಣ. ಟೈ ಕುತ್ತಿಗೆಯನ್ನು ಬಿಗಿಯುತ್ತದೆ, ಬೆಲ್ಟು ಸೊಂಟದ ಗಾಳಿಯನ್ನು ಕಟ್ಟುತ್ತದೆ, ಬ್ಲೇಜರ್ ಎರಡು ಪದರ ಹೊದಿಸುತ್ತದೆ, ಉದ್ದ ಕಾಲುಚೀಲ ಮೊಣಕಾಲಿನವರೆಗೂ ಏರುತ್ತದೆ. ನಿಯಮ ಶಾಲೆಯದೇ ಇರಲಿ. ಆದರೆ ಬಟ್ಟೆಯ ತೂಕ, ನೇಯ್ಗೆ, ಅಳತೆ, ಒಳಪದರ, ಕಾಲುಚೀಲದ ನೂಲು, ಒಗೆಯುವ ರೀತಿ ಇವೆಲ್ಲ ಬಹುಪಾಲು ಪೋಷಕರ ಕೈಯಲ್ಲೇ ಉಳಿದಿರುತ್ತವೆ.

ಅಂಗಡಿಗೆ ಹೋಗುವ ಮೊದಲು

ಶಾಲೆ ಕೊಟ್ಟ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಓದಿ. ಯಾವುದು ಕಡ್ಡಾಯ, ಯಾವುದು ಬರೀ ರೂಢಿ ಎಂಬುದನ್ನು ಬೇರೆ ಮಾಡಿ. ‘ನಿಗದಿತ ಬಣ್ಣದ ಪ್ಯಾಂಟು’ ಎಂದು ಬರೆದಿದ್ದರೆ ಅದನ್ನು ಹೊರಗಡೆ ಹೊಲಿಸಬಹುದು. ‘ಶಾಲೆಯ ಮಳಿಗೆಯಲ್ಲೇ ಕೊಂಡ ಪ್ಯಾಂಟು’ ಎಂದಿದ್ದರೆ ದಾರಿ ಇಲ್ಲ. ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಲಾಂಛನದ ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ? ಬ್ಲೇಜರ್ ಮತ್ತು ಟೈ ಯಾವ ತಿಂಗಳು, ಯಾವ ದಿನ ಬೇಕು? ಅರ್ಧ ತೋಳಿನ ಅಂಗಿ ವರ್ಷವಿಡೀ ನಡೆಯುತ್ತದೆಯೇ? ಆಟದ ಪಿರಿಯಡ್ ಇರುವ ದಿನ ಮನೆಯಿಂದಲೇ ಆಟದ ಉಡುಪಿನಲ್ಲಿ ಬರಬಹುದೇ? ಹಾಕದ ಬಟ್ಟೆಯನ್ನು ಎಷ್ಟು ದಿನದೊಳಗೆ ಬದಲಿಸಿಕೊಡುತ್ತಾರೆ? ಲಾಂಛನ ಬಿಡಿಯಾಗಿ ಸಿಗುವುದಾದರೆ ಅರ್ಧ ಗೆದ್ದಂತೆ, ಏಕೆಂದರೆ ಅಂಗಿಯ ಬಟ್ಟೆಯನ್ನು ನೀವೇ ಆರಿಸಬಹುದು.

ಹೊರಗೆ ಹೊಲಿಸುವವರು ಶಾಲೆಯ ಬಟ್ಟೆಯ ತುಂಡೊಂದನ್ನು ಜೊತೆಗೆ ಒಯ್ದು, ಬಣ್ಣವನ್ನು ಬಯಲ ಬೆಳಕಿನಲ್ಲೇ ಹೋಲಿಸಬೇಕು. ಬೇರೆ ಬೇರೆ ಬಣ್ಣದ್ರವ್ಯಗಳಿಂದ ಅದ್ದಿದ ಎರಡು ಬಟ್ಟೆಗಳು ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡು ಬಿಸಿಲಿಗೆ ಬಂದ ಕೂಡಲೇ ಬೇರೆಯಾಗುವುದುಂಟು. ನೀಲಿ ಮತ್ತು ಬೂದು ಬಣ್ಣಗಳಲ್ಲಿ ಇದು ಹೆಚ್ಚು. ಪ್ರಾರ್ಥನೆಯ ಸಾಲಿನಲ್ಲಿ ಮಗು ಒಂಟಿಯಾಗಿ ಎದ್ದು ಕಾಣುವುದು ಇದೇ ಕಾರಣಕ್ಕೆ.

ಬಟ್ಟೆ: ಚೀಟಿಯಲ್ಲಿ ಬರೆದದ್ದು, ಕೈಗೆ ತಿಳಿಯುವುದು

‘ಹತ್ತಿ ಒಳ್ಳೆಯದು, ಪಾಲಿಯೆಸ್ಟರ್ ಕೆಟ್ಟದ್ದು’ ಎಂಬುದು ಅರ್ಧ ಸತ್ಯ. ಸಾಮಾನ್ಯ ಗಾಳಿಯಲ್ಲಿಟ್ಟ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಎಳೆಯೊಳಗೆ ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು ಮಾತ್ರ. ಹಾಗಾಗಿ ಪಾಲಿಯೆಸ್ಟರ್ ಅಂಗಿಯೊಳಗೆ ಬೆವರು ಹೀರಲ್ಪಡದೆ ಚರ್ಮದ ಮೇಲೇ ನಿಲ್ಲುತ್ತದೆ. ಆದರೆ ಹತ್ತಿಗೂ ಒಂದು ಕಾಯಿಲೆ ಇದೆ: ಹೀರಿದ್ದನ್ನು ಬೇಗ ಬಿಡುವುದಿಲ್ಲ. ಒಣ ಹವೆಯಲ್ಲಿ ಇದು ತೊಂದರೆಯಲ್ಲ. ಗಾಳಿಯೇ ತೇವ ತುಂಬಿಕೊಂಡಿರುವ ಕರಾವಳಿಯಂಥ ಕಡೆ, ಬೆಳಿಗ್ಗೆ ಹತ್ತಕ್ಕೆ ಒದ್ದೆಯಾದ ದಪ್ಪ ಹತ್ತಿ ಅಂಗಿ ಮಧ್ಯಾಹ್ನದ ಹೊತ್ತಿಗೂ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ.

ಅಂಗಿಗೆ ನಮ್ಮ ಮೊದಲ ಆಯ್ಕೆ ಹತ್ತಿ ಹೆಚ್ಚಿರುವ ಮಿಶ್ರಣ: ಶೇ. 60 ಹತ್ತಿ, ಶೇ. 40 ಪಾಲಿಯೆಸ್ಟರ್. ಹೀರುತ್ತದೆ, ಸುಕ್ಕು ಕಡಿಮೆ, ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಟೆರಿಕಾಟ್ ಇದಕ್ಕೆ ತಿರುಗುಮುರುಗು, ಸುಮಾರು ಶೇ. 67 ಪಾಲಿಯೆಸ್ಟರ್, ಶೇ. 33 ಹತ್ತಿ. ಅದು ಬಾಳಿಕೆಗೆ ಗಟ್ಟಿ, ಸೆಖೆಗೆ ಸಾಧಾರಣ. ಪೂರ್ತಿ ಹತ್ತಿ ಬೇಕಾಗುವುದು ಬೆವರುಸಾಲೆ ಅಥವಾ ಇಸುಬು ಇರುವ ಮಕ್ಕಳಿಗೆ. ನೂರಕ್ಕೆ ನೂರು ಪಾಲಿಯೆಸ್ಟರಿನ ನೇಯ್ದ ಅಂಗಿಯನ್ನು, ಶಾಲೆ ಬೇರೆ ದಾರಿ ಬಿಡದ ಹೊರತು, ಮುಟ್ಟದಿರುವುದೇ ಲೇಸು. ಆಟದ ಟೀಶರ್ಟಿನ ಪಾಲಿಯೆಸ್ಟರ್ ಬೇರೆ ಜಾತಿ. ಅದು ರಂಧ್ರಗಳಿರುವ ಹೆಣಿಗೆ. ಬೆವರನ್ನು ಎಳೆಗಳ ನಡುವಿನ ಸಂದಿಗಳಲ್ಲಿ ಎಳೆದು ಅಗಲಕ್ಕೆ ಹರಡಿ ಬೇಗ ಆರಿಸುತ್ತದೆ. ಓಡುವ ಒಂದು ಗಂಟೆಗೆ ಅದೇ ಸರಿ. ಎದೆಯ ಮೇಲೆ ಪ್ಲಾಸ್ಟಿಕ್ಕಿನಂಥ ದೊಡ್ಡ ಮುದ್ರಣ ಇದ್ದರೆ ಮಾತ್ರ ಅಷ್ಟು ಜಾಗದಲ್ಲಿ ಗಾಳಿ ಸತ್ತಂತೆ.

ಎಳೆಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ತೂಕ ಮತ್ತು ನೇಯ್ಗೆ. ತೂಕವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಅಂಗಿಗೆ 100ರಿಂದ 130, ಕಾಲರ್ ಇರುವ ಟೀಶರ್ಟಿಗೆ 160ರಿಂದ 190, ಪ್ಯಾಂಟು-ಸ್ಕರ್ಟಿಗೆ 180ರಿಂದ 220 ಸಾಕು. 100ಕ್ಕಿಂತ ಕೆಳಗಿನ ಬಿಳಿ ಬಟ್ಟೆಯಲ್ಲಿ ಒಳಗಿನದು ಕಾಣುತ್ತದೆ. ಆಗ ಒಳಗೊಂದು ಪದರ ತೊಡಿಸಬೇಕಾಗಿ ಬಂದು ಉಳಿಸಿದ ತಂಪೆಲ್ಲ ಹೋಗುತ್ತದೆ. ಪ್ಯಾಂಟು 250 ದಾಟಿದರೆ ಅದು ಚಳಿಗಾಲದ ಬಟ್ಟೆ. ಅಂಗಡಿಯವರಿಗೆ ಸಂಖ್ಯೆ ಗೊತ್ತಿಲ್ಲದಿದ್ದರೆ ಕೈಯೇ ತಕ್ಕಡಿ: ಒಂದೇ ಅಳತೆಯ ಎರಡು ಪ್ಯಾಂಟುಗಳನ್ನು ಎರಡು ಕೈಯಲ್ಲಿ ಹಿಡಿದು ನೋಡಿ.

ನೇಯ್ಗೆಯಲ್ಲಿ ಸಾದಾ ನೇಯ್ಗೆ, ಅಂದರೆ ಪಾಪ್ಲಿನ್ ಬಗೆಯದು, ಅಂಗಿಗೆ ಸೂಕ್ತ. ಓರೆಗೆರೆ ಕಾಣುವ ಟ್ವಿಲ್ ಹೆಚ್ಚು ದಟ್ಟ, ಪ್ಯಾಂಟಿಗೆ ಇರಲಿ. ಪರೀಕ್ಷೆಗೆ ಬಟ್ಟೆಯನ್ನು ಒಂದೇ ಪದರದಲ್ಲಿ ಬಾಯಿಗೆ ಒತ್ತಿ ಊದಿ. ಉಸಿರು ಸಲೀಸಾಗಿ ಆಚೆ ಹೋಗಿ ಎದುರಿಟ್ಟ ಅಂಗೈಗೆ ತಾಕಬೇಕು. ಕೆನ್ನೆ ಉಬ್ಬಿದರೆ ಆ ಬಟ್ಟೆ ಬೇಡ.

ಚೀಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಎರಡು ಪರೀಕ್ಷೆಗಳಿವೆ. ಮೊದಲನೆಯದು ನೀರಿನದು: ಒಂದು ಸಲ ಒಗೆದು ಒಣಗಿಸಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕೆಲವೇ ಕ್ಷಣದಲ್ಲಿ ಹೀರಿ ಹರಡಿದರೆ ಒಳ್ಳೆಯದು. ಮುತ್ತಿನಂತೆ ನಿಂತರೆ ಬೆವರೂ ಹಾಗೆಯೇ ನಿಲ್ಲುತ್ತದೆ. ಒಗೆಯದ ಹೊಸ ಬಟ್ಟೆಯಲ್ಲಿ ಇದನ್ನು ಮಾಡಬಾರದು, ಗಿರಣಿಯ ಗಂಜಿ ಹತ್ತಿಯನ್ನೂ ನೀರು ಹಿಡಿಯದಂತೆ ಮಾಡಿರುತ್ತದೆ. ಎರಡನೆಯದು ಬೆಂಕಿಯದು. ಒಳಹೊಲಿಗೆಯಿಂದ ನಾಲ್ಕೈದು ಎಳೆ ಎಳೆದು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಡಿ. ಹತ್ತಿ ಕಾಗದದಂತೆ ಉರಿದು ಕಾಗದದ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರಣದಲ್ಲಿ ಉರಿಯೂ ಇರುತ್ತದೆ, ಉಜ್ಜಿದರೆ ಪುಡಿಯಾಗದ ಗಂಟೂ ಉಳಿಯುತ್ತದೆ. ಪರೀಕ್ಷೆ ಮಕ್ಕಳ ಎದುರಿಗೆ ಬೇಡ, ಕರಗಿದ ಮಣಿ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ಬಣ್ಣದ ವಿಚಾರ. ಗಾಢ ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ, ನಿಜ. ಆದರೆ ಮರುಭೂಮಿಯ ಜನರ ಕಪ್ಪು ನಿಲುವಂಗಿಯನ್ನು ಬಿಳಿಯದರ ಜೊತೆ ಅಳೆದು ನೋಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಟ್ಟವರ ಮೈಗೆ ತಟ್ಟಿದ ಶಾಖ ಎರಡರಲ್ಲೂ ಒಂದೇ ಇತ್ತು. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಹೊರಟುಹೋಗುತ್ತಿತ್ತು, ನಿಲುವಂಗಿ ಸಡಿಲವಾಗಿತ್ತಲ್ಲ! ಶಾಲೆ ಕಡುನೀಲಿ ಪ್ಯಾಂಟು ಹೇಳಿದರೆ ಬಣ್ಣಕ್ಕಾಗಿ ಜಗಳಕ್ಕಿಳಿಯಬೇಕಿಲ್ಲ, ತೊಡೆಯಲ್ಲಿ ಬಿಗಿಯಾಗದಂತೆ ನೋಡಿಕೊಂಡರೆ ಸಾಕು. ಬಿಗಿಯಾದ ಕಡುನೀಲಿಯೇ ನಿಜವಾದ ಶತ್ರು.

ಅಳತೆ: ಎಷ್ಟು ಸಡಿಲ, ಎಷ್ಟು ಉದ್ದ

ಬಟ್ಟೆಗೂ ಮೈಗೂ ನಡುವೆ ಗಾಳಿ ಓಡಾಡಬೇಕು. ನಡೆದಾಗ, ಕೈ ಎತ್ತಿದಾಗ ಅಂಗಿ ತಿದಿಯಂತೆ ಉಬ್ಬಿ ತಗ್ಗಿ ಬಿಸಿ ಗಾಳಿಯನ್ನು ಕಾಲರಿನಿಂದ, ತೋಳಿನಿಂದ ಹೊರದೂಡುತ್ತದೆ. ಇದಕ್ಕೆ ಎದೆಯ ಸುತ್ತಳತೆಗಿಂತ ಅಂಗಿ 12ರಿಂದ 14 ಸೆಂ.ಮೀ. ಹೆಚ್ಚಿರಬೇಕು. ಮಗುವಿನ ಎದೆ 64 ಸೆಂ.ಮೀ. ಇದ್ದರೆ ಗುಂಡಿ ಹಾಕಿ ನೆಲದ ಮೇಲೆ ಹರಡಿದ ಅಂಗಿ ಒಂದು ಬದಿಗೆ 38ರಿಂದ 39 ಬರಬೇಕು. ಕಾಲರ್ ಗುಂಡಿ ಹಾಕಿದಾಗ ಎರಡು ಬೆರಳು ಸಲೀಸಾಗಿ ತೂರಬೇಕು. ಅರ್ಧ ತೋಳಿನ ಬಾಯಿ ತೋಳಿಗಿಂತ ಕನಿಷ್ಠ 6 ಸೆಂ.ಮೀ. ಅಗಲ ಇರಲಿ. ಕಂಕುಳಿನ ಹೊಲಿಗೆ ಕಂಕುಳಿಗಿಂತ ಎರಡು-ಮೂರು ಸೆಂ.ಮೀ. ಕೆಳಗಿರಲಿ, ಅದಕ್ಕಿಂತ ಕೆಳಗಿಳಿದರೆ ಕೈ ಎತ್ತಿದಾಗ ಅಂಗಿಯೆಲ್ಲ ಮೇಲೆದ್ದು ಪ್ಯಾಂಟಿನಿಂದ ಹೊರಬರುತ್ತದೆ.

‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಸೈಜು ದೊಡ್ಡದು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಹೆಚ್ಚುವರಿ ಸೊಂಟವನ್ನು ಬೆಲ್ಟಿನಡಿ ಮಡಚಿ ಬಿಗಿದಾಗ ಅಲ್ಲಿ ನಾಲ್ಕು ಪದರ ಬಟ್ಟೆ ಸೇರುತ್ತದೆ, ಬೆವರುಸಾಲೆ ಮೊದಲು ಏಳುವುದೂ ಅಲ್ಲಿಯೇ. ಒಂದು ಸೈಜು ದೊಡ್ಡದು ಸಾಕು. ಬೆಳವಣಿಗೆಯನ್ನು ಅಗಲದಲ್ಲಲ್ಲ, ಮಡಿಕೆಯಲ್ಲಿ ಇಟ್ಟುಕೊಳ್ಳಬೇಕು. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ 5ರಿಂದ 6 ಸೆಂ.ಮೀ. ಎತ್ತರವಾಗುತ್ತಾರೆ. ಅದರಲ್ಲಿ ಸುಮಾರು ಅರ್ಧ ಕಾಲಿನದು. ಹಾಗಾಗಿ ಪ್ಯಾಂಟಿನ ಕಾಲತುದಿಯಲ್ಲಿ 6 ಸೆಂ.ಮೀ. ಒಳಮಡಿಕೆ ಬಿಡಿಸಿದರೆ ಉದ್ದದ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಬರುತ್ತದೆ. ಸ್ಕರ್ಟಿಗೆ 6ರಿಂದ 7, ಪ್ಯಾಂಟಿನ ಹಿಂಬದಿಯ ನಡುಹೊಲಿಗೆಯಲ್ಲಿ ಪ್ರತಿ ಬದಿಗೆ 2.5 ಸೆಂ.ಮೀ. ಮಾರ್ಜಿನ್ ಕೇಳಿ. ಸಿದ್ಧ ಉಡುಪನ್ನು ಒಳಗೆ ತಿರುಗಿಸಿದರೆ ಇದು ಎಷ್ಟಿದೆ ಎಂದು ತಕ್ಷಣ ಕಾಣುತ್ತದೆ. ಬರೀ ಒಂದು ಸೆಂ.ಮೀ. ಇದ್ದರೆ ಆ ಪ್ಯಾಂಟು ಒಂದೇ ವರ್ಷದ್ದು. ಹದಿಹರೆಯದ ಬೆಳವಣಿಗೆಯ ಭರದಲ್ಲಿ ಮಾತ್ರ ವರ್ಷಕ್ಕೆ 8-10 ಸೆಂ.ಮೀ. ಏರುವುದರಿಂದ ಈ ಲೆಕ್ಕ ನಿಲ್ಲದು. ಆ ವಯಸ್ಸಿನಲ್ಲಿ ಒಂದೇ ಸಲಕ್ಕೆ ಐದು ಜೊತೆ ಕೊಳ್ಳಬೇಡಿ, ಎರಡು ಕೊಂಡು ಅರ್ಧ ವರ್ಷಕ್ಕೆ ಮತ್ತೆ ಅಳೆಯಿರಿ.

ಕುಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತಿಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸುವ ಸ್ಯಾನ್‌ಫರೈಸಿಂಗ್ ವಿಧಾನಕ್ಕೆ 1930ರಲ್ಲೇ ಪೇಟೆಂಟ್ ಆಗಿದೆ. ಹಾಗೆ ಮಾಡಿದ ಬಟ್ಟೆ ಶೇ. 1ರಷ್ಟು ಕುಗ್ಗಿದರೆ ಹೆಚ್ಚು. ಮಾಡದ ನೇಯ್ದ ಹತ್ತಿ ಶೇ. 3ರಿಂದ 5, ಹತ್ತಿಯ ಹೆಣಿಗೆ ಅದಕ್ಕೂ ಹೆಚ್ಚು ಕುಗ್ಗಬಹುದು. 56 ಸೆಂ.ಮೀ. ಉದ್ದದ ಅಂಗಿ ಶೇ. 4 ಕುಗ್ಗಿದರೆ ಎರಡು ಸೆಂ.ಮೀ. ಮೀರಿ ಹೋಯಿತು. ಹೊಲಿಸುವುದಾದರೆ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಆಮೇಲೆ ದರ್ಜಿಗೆ ಕೊಡಿ.

ಒಂದೊಂದಾಗಿ

ಅಂಗಿಯಲ್ಲಿ ನೋಡಬೇಕಾದದ್ದು ಕಾಲರ್. ಅದರೊಳಗಿನ ಅಂಟುಪದರ ಅಗ್ಗದ್ದಾದರೆ ನಾಲ್ಕಾರು ಒಗೆತಕ್ಕೆ ಗುಳ್ಳೆ ಏಳುತ್ತದೆ, ಆ ಉಬ್ಬು-ತಗ್ಗು ಕುತ್ತಿಗೆಯನ್ನು ಉಜ್ಜುತ್ತದೆ. ಗಟ್ಟಿ ಬಕ್ರಂ ಬೇಡ, ಮೆತ್ತನೆಯದು ಹಾಕಿ ಎಂದು ಕೇಳಬಹುದು. ಟೈ ಕಟ್ಟಿದರೆ ವ್ಯತ್ಯಾಸವೇ ಕಾಣದು. ಬೆನ್ನಿನ ಮೇಲಿನ ಜೋಡುಪದರದ ಪಟ್ಟಿಯನ್ನು ಒಂದೇ ಪದರ ಮಾಡಿಸಬಹುದು. ಬ್ಯಾಗು ಒತ್ತುವ ಜಾಗ ಅದು, ಮೊದಲೇ ಅಲ್ಲಿ ಗಾಳಿ ಇಲ್ಲ. ಕತ್ತಿನ ಹಿಂದಿನ ಚೀಟಿಯನ್ನು ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೋಟು ಅಂಚು ಇನ್ನೂ ಚುಚ್ಚುತ್ತದೆ, ಹೊಲಿಗೆ ಬಿಚ್ಚಿಯೇ ತೆಗೆಯಬೇಕು. ಕಸೂತಿಯ ಲಾಂಛನದ ಹಿಂಬದಿಗೆ ಗಟ್ಟಿ ಕಾಗದದಂಥ ಆಧಾರ ಇರುತ್ತದೆ. ಹೆಚ್ಚಾದದ್ದನ್ನು ಸುತ್ತ ಕತ್ತರಿಸಿ, ಒಳಗಿಂದ ಹಳೆಯ ಮೆತ್ತನೆ ಹತ್ತಿಬಟ್ಟೆಯ ತುಂಡು ಹೊಲಿದುಬಿಡಿ.

ಬನಿಯನ್ ಬೇಕೋ ಬೇಡವೋ? ಪಾಲಿಯೆಸ್ಟರ್ ಹೆಚ್ಚಿರುವ ಅಂಗಿಯೊಳಗೆ ತೆಳು ಹತ್ತಿಯ, ತೋಳಿಲ್ಲದ ಬನಿಯನ್ ಬೇಕು, ಹೀರುವ ಕೆಲಸ ಅದರದ್ದು. ಒಳ್ಳೆಯ ಹತ್ತಿ ಅಂಗಿಯಡಿ ಅದೊಂದು ದಂಡದ ಪದರ. ಬಿಸಿಲಲ್ಲಿ ಬಂದು ಹವಾನಿಯಂತ್ರಿತ ಕೋಣೆಯಲ್ಲಿ ಕೂರುವ ಮಕ್ಕಳದು ಬೇರೆ ಲೆಕ್ಕ. ಒದ್ದೆ ಅಂಗಿ ಅಲ್ಲಿ ಮೈ ನಡುಗಿಸುತ್ತದೆ, ಹಾಗಾಗಿ ಬದಲಿಸಲು ಒಂದು ಒಣ ಬನಿಯನ್ ಬ್ಯಾಗಿನಲ್ಲಿ ಇರಲಿ.

ಪ್ಯಾಂಟಿನಲ್ಲಿ ಜೇಬಿನ ಒಳಚೀಲ ಹತ್ತಿಯದಾಗಿರಲಿ. ತೊಡೆಗೆ ನೇರ ತಾಗುವುದು ಅದೇ, ಹೆಚ್ಚಿನ ಸಿದ್ಧ ಪ್ಯಾಂಟುಗಳಲ್ಲಿ ಅದು ನುಣುಪು ಪಾಲಿಯೆಸ್ಟರ್. ಸೊಂಟದಲ್ಲಿ ಪೂರ್ತಿ ಸುತ್ತ ಇಲಾಸ್ಟಿಕ್ ಬೇಡ, ಹಿಂದೆ ಅರ್ಧ ಸಾಕು. ಕಾಜಾಗಳಿರುವ ಇಲಾಸ್ಟಿಕ್ ಪಟ್ಟಿ, ಒಳಗೊಂದು ಗುಂಡಿ ಇದ್ದರೆ ಬೆಳೆದಂತೆ ಸಡಿಲಿಸಬಹುದು. ಚಡ್ಡಿಗೆ ಅವಕಾಶವಿದ್ದರೆ ಚಡ್ಡಿಯೇ.

ಹುಡುಗಿಯರ ಉಡುಪಿನಲ್ಲಿ ಸೆಖೆ ಅಡಗುವುದು ನೆರಿಗೆಯಲ್ಲಿ. ಸುತ್ತಲೂ ಒತ್ತೊತ್ತಾಗಿ ನೆರಿಗೆ ಹಿಡಿದ ಸ್ಕರ್ಟು ಸೊಂಟದಲ್ಲಿ ಮೂರು ಪದರ ಆಗುತ್ತದೆ. ನೆರಿಗೆ ಸೊಂಟದಿಂದಲ್ಲ, ಸೊಂಟಪಟ್ಟಿಯ ಕೆಳಗೆ 10-12 ಸೆಂ.ಮೀ. ಅಗಲದ ಸಾದಾ ಪಟ್ಟಿ ಬಿಟ್ಟು ಅಲ್ಲಿಂದ ಹೊರಡಲಿ. ನಿಯಮ ಒಪ್ಪಿದರೆ ಮುಂದೆರಡು, ಹಿಂದೆರಡು ಬಾಕ್ಸ್ ಪ್ಲೀಟ್ ಸಾಕು. ಅಂಗಿಯ ಮೇಲೆ ತೊಡುವ ಟ್ಯೂನಿಕ್ ಎದೆಗೆ ಎರಡು ಪದರ. ಅದರ ಮೇಲ್ಭಾಗಕ್ಕೆ ಲೈನಿಂಗ್ ಹಾಕಿಸಲೇಬೇಡಿ, ಕುತ್ತಿಗೆ ಮತ್ತು ಕಂಕುಳಿನ ಕೊರೆತ ಆಳವಾಗಿರಲಿ. ಸ್ಕರ್ಟಿನೊಳಗೆ ತೊಡೆಯ ನಡುವೆ ಉಜ್ಜಿ ಗಾಯವಾಗುವ ಮಕ್ಕಳಿಗೆ ತೆಳು ಹತ್ತಿ ಹೆಣಿಗೆಯ ಉದ್ದ ಒಳಚಡ್ಡಿ ಬೇಕು. ಬಿಳಿ ಅಂಗಿಯಡಿ ಬಿಳಿ ಒಳಉಡುಪು ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ್ದು ಕಾಣುವುದಿಲ್ಲ, ಇನ್ನೊಂದು ಪದರವೂ ಬೇಕಾಗುವುದಿಲ್ಲ.

ಟೈ ಇಲಾಸ್ಟಿಕ್ಕಿನದೋ ಕ್ಲಿಪ್ಪಿನದೋ ಆಗಲಿ. ಕ್ಲಿಪ್ಪಿನದು ಉತ್ತಮ, ಎಳೆದರೆ ಕಳಚಿ ಬರುತ್ತದೆ, ಆಟದಲ್ಲಿ ಯಾವುದಕ್ಕಾದರೂ ಸಿಕ್ಕಿಕೊಂಡರೂ ಉಸಿರು ಕಟ್ಟುವ ಭಯವಿಲ್ಲ. ಬ್ಲೇಜರ್ ಕಡ್ಡಾಯವಾದರೆ ಪೂರ್ತಿ ಲೈನಿಂಗ್ ಇರುವುದನ್ನು ಬಿಟ್ಟು ಭುಜ ಮತ್ತು ತೋಳಿಗೆ ಮಾತ್ರ ಲೈನಿಂಗ್ ಇರುವ ಅರ್ಧ ಲೈನಿಂಗಿನದು ಕೇಳಿ. ಸಮಾರಂಭಕ್ಕೆ ಮಾತ್ರ ಬೇಕಾದರೆ ದೊಡ್ಡ ತರಗತಿಯ ಮಕ್ಕಳದ್ದನ್ನು ಪಡೆಯುವುದೇ ಜಾಣತನ, ಬ್ಲೇಜರುಗಳು ಸವೆಯುವ ಮೊದಲೇ ಚಿಕ್ಕದಾಗುತ್ತವೆ.

ಟೋಪಿಗೆ ಅವಕಾಶವಿದ್ದರೆ ಸುತ್ತಲೂ 6-7 ಸೆಂ.ಮೀ. ಅಂಚಿನದು. ಮುಂದೆ ಮಾತ್ರ ಚಾಚಿದ ಕ್ಯಾಪು ಕಿವಿ-ಕತ್ತನ್ನು ಬಿಸಿಲಿಗೇ ಬಿಡುತ್ತದೆ. ಹಾಗೆಯೇ, ಬಯಲಲ್ಲಿ ಬಹಳ ಹೊತ್ತು ಕಳೆಯುವ ಮಕ್ಕಳಿಗೆ ಒಣ ಹವೆಯಲ್ಲಿ ಸಡಿಲವಾದ ಉದ್ದ ತೋಳು ಅರ್ಧ ತೋಳಿಗಿಂತ ಮೇಲು. ಸುಡುವ ಬಿಸಿಲು ಚರ್ಮಕ್ಕೆ ನೇರ ತಟ್ಟುವುದಿಲ್ಲ. ತೀರಾ ತೆಳುವಾದ ಬಿಳಿ ಹತ್ತಿ ನೇರಳಾತೀತ ಕಿರಣವನ್ನು ಗಣನೀಯವಾಗಿ ಒಳಬಿಡುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಬಟ್ಟೆ ತೊಟ್ಟಿದ್ದರೂ ಹೆಗಲು ಕಪ್ಪಾಗುವುದು ಹೀಗೆ.

ಕಾಲು

ಕಾಲಿನ ಬಗ್ಗೆ ಪೋಷಕರು ಕೊನೆಗೆ ಯೋಚಿಸುತ್ತಾರೆ, ಮಕ್ಕಳು ಮೊದಲು ಗೊಣಗುವುದು ಅದರ ಬಗ್ಗೆಯೇ. ಕಾಲುಚೀಲದಲ್ಲಿ ಹತ್ತಿ ಶೇ. 75-80 ಇದ್ದು ಉಳಿದದ್ದು ನೈಲಾನ್ ಮತ್ತು ಎಳೆತದ ನೂಲಾಗಿರಲಿ. ಪೂರ್ತಿ ನೈಲಾನಿನದು ಅಗ್ಗ, ಹೊಳೆಯುತ್ತದೆ, ಬೆರಳ ಸಂದಿಯನ್ನು ದಿನವಿಡೀ ಹಸಿಯಾಗಿಡುತ್ತದೆ. ಅಲ್ಲಿಂದಲೇ ಶಿಲೀಂಧ್ರದ ತುರಿಕೆ ಶುರು. ಸಂಜೆ ಕಳಚಿದಾಗ ಇಲಾಸ್ಟಿಕ್ಕಿನ ಗುರುತು ಆಳವಾಗಿ ಮೂಡಿದ್ದರೆ ಅದು ಬಿಗಿ.

ಶೂಗೆ ಅಳತೆ ಸಂಜೆ ತೆಗೆಯಿರಿ, ಪಾದ ಆಗ ತುಸು ಊದಿರುತ್ತದೆ. ಕಾಲುಚೀಲ ಹಾಕಿ, ನಿಲ್ಲಿಸಿ, ಎರಡೂ ಪಾದ ಅಳೆಯಿರಿ; ದೊಡ್ಡದಕ್ಕೆ ಹೊಂದುವ ಸೈಜು. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ, ಅಂದರೆ 1ರಿಂದ 1.2 ಸೆಂ.ಮೀ. ಜಾಗ ಇರಬೇಕು. ಚರ್ಮದ ಶೂ ತೇವವನ್ನು ಸ್ವಲ್ಪವಾದರೂ ಹೊರಬಿಡುತ್ತದೆ, ಮೇಲೆ ಪ್ಲಾಸ್ಟಿಕ್ ಲೇಪನದ ಕೃತಕ ಚರ್ಮ ಬಿಡುವುದೇ ಇಲ್ಲ. ಬೆವರಿದ ಶೂ ಪೂರ್ತಿ ಒಣಗಲು ಒಂದು ರಾತ್ರಿ ಸಾಲದು, ಅದಕ್ಕೇ ಎರಡು ಜೊತೆ ಇಟ್ಟು ದಿನ ಬಿಟ್ಟು ದಿನ ಹಾಕಿಸುವುದು ಒಳ್ಳೆಯದು. ಎರಡು ಜೊತೆ ಆಗದಿದ್ದರೆ ಒಳಗಿನ ಹಾಸು ತೆಗೆದು ಬೇರೆ ಒಣಗಿಸಿ, ಶೂನೊಳಗೆ ಹಳೆಯ ಪತ್ರಿಕೆ ತುರುಕಿ. ಚರ್ಮದ ಶೂವನ್ನು ಸುಡುಬಿಸಿಲಿಗೆ ಇಟ್ಟರೆ ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ.

ಎಷ್ಟು ಜೊತೆ ಬೇಕು

ವಾರದಲ್ಲಿ ಎಷ್ಟು ಸಲ ಒಗೆಯುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ದಿನವೂ ಒಗೆಯುವ ಮನೆಗೆ ಮೂರು ಅಂಗಿ ಸಾಕು: ಮೈಮೇಲೊಂದು, ತಂತಿಯ ಮೇಲೊಂದು, ಕಪಾಟಿನಲ್ಲೊಂದು. ವಾರಕ್ಕೆರಡು ಸಲ ಒಗೆಯುವವರಿಗೆ ಐದು. ಬೆವರಿದ ಅಂಗಿಯನ್ನು ಎರಡನೇ ದಿನ ಹಾಕಿಸುವಂತಿಲ್ಲ. ಪ್ಯಾಂಟು-ಸ್ಕರ್ಟನ್ನು ಗಾಳಿಗೆ ಹಾಕಿ ಎರಡು ದಿನ ಬಳಸಬಹುದು, ಹಾಗಾಗಿ ಅವು ಮೂರು. ಆರು ಜೊತೆ ಕಾಲುಚೀಲ, ಎರಡು ಆಟದ ಉಡುಪು. ಕಾಲುಚೀಲವೆಲ್ಲ ಒಂದೇ ಬಗೆಯದು ಕೊಂಡರೆ ಒಂದು ಕಳೆದುಹೋದರೂ ಜೊತೆ ಕೆಡುವುದಿಲ್ಲ.

ಒಗೆತ

ಹೊಸದನ್ನು ಒಗೆಯದೆ ತೊಡಿಸಬೇಡಿ. ಗಿರಣಿಯ ಗಂಜಿ, ಹೆಚ್ಚುವರಿ ಬಣ್ಣ, ಸುಕ್ಕು ಬೀಳದಂತೆ ಹಾಕಿದ ರಾಸಾಯನಿಕ ಎಲ್ಲವೂ ಬೆವರಿನ ಜೊತೆ ಚರ್ಮಕ್ಕಿಳಿಯುತ್ತವೆ. ಗಾಢ ಬಣ್ಣದವನ್ನು ಬೇರೆಯಾಗಿ, ತಣ್ಣೀರಿನಲ್ಲಿ ಎರಡು ಸಲ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಹಳೆಯದು, ಆದರೆ ಫಲವಿಲ್ಲ. ಉಪ್ಪಿನ ಕೆಲಸ ಬಣ್ಣ ಅದ್ದುವಾಗ. ಬಣ್ಣ ಬಿಡುವ ಬಟ್ಟೆಯನ್ನು ಆಮೇಲೆ ಉಪ್ಪು ತಡೆಯದು.

ಬೆವರಿದ ಅಂಗಿಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆಯಬಾರದು. ಆ ದಿನ ಒಗೆಯಲಾಗದಿದ್ದರೆ ಬರೀ ನೀರಿನಲ್ಲಿ ಅದ್ದಿ ಹಿಂಡಿ ನೇತುಹಾಕಿದರೂ ಅರ್ಧ ಕೆಲಸ ಆಗುತ್ತದೆ. ಪಾಲಿಯೆಸ್ಟರ್ ಮೈಜಿಡ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಅದರ ವಾಸನೆ ಒಗೆದ ಮೇಲೂ ಉಳಿಯುತ್ತದೆ, ಮೈಗೆ ಬಿಸಿ ತಾಕಿದ ಕೂಡಲೇ ಮರಳುತ್ತದೆ. ಅಂಥದ್ದನ್ನು ಒಳಗು ಹೊರಗು ಮಾಡಿ ಒಗೆಯಿರಿ, ಕಾಲರ್ ಮತ್ತು ಕಂಕುಳಿಗೆ ದ್ರವ ಸೋಪು ಹಚ್ಚಿ ಹತ್ತು ನಿಮಿಷ ಬಿಟ್ಟು ಮೆತ್ತನೆ ಬ್ರಷ್ಷಿನಿಂದ ತಿಕ್ಕಿ. ಕಂಕುಳಿನ ಹಳದಿ ಕಲೆಗೆ ಕ್ಲೋರಿನ್ ಬ್ಲೀಚ್ ಹಾಕುವುದು ಸಾಮಾನ್ಯ ತಪ್ಪು. ಹಳದಿ ಇನ್ನಷ್ಟು ಏರುವುದೇ ಹೆಚ್ಚು. ಆಕ್ಸಿಜನ್ ಬ್ಲೀಚ್ ಪುಡಿ, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವುದನ್ನು, 40 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಒಂದೆರಡು ಗಂಟೆ ನೆನೆಸಿ. ಕ್ಲೋರಿನ್ ಬ್ಲೀಚಿಗೆ ವಿನೆಗರ್ ಅಥವಾ ಬೇರಾವ ಆಮ್ಲವನ್ನೂ ಎಂದೂ ಬೆರೆಸಬೇಡಿ, ಹೊಮ್ಮುವುದು ವಿಷಾನಿಲ.

ಶಾಯಿ ಕಲೆಗೆ ಅಡಿಯಲ್ಲಿ ಬಿಳಿ ಚಿಂದಿ ಇಟ್ಟು ಸ್ಪಿರಿಟ್ಟು ಅಥವಾ ಸ್ಯಾನಿಟೈಸರ್ ತೊಟ್ಟಿಕ್ಕಿಸಿ ಒತ್ತಿ. ಉಜ್ಜಿದರೆ ಕಲೆ ಅಗಲವಾಗುತ್ತದೆ. ಚಿಂದಿಯ ಜಾಗ ಬದಲಿಸುತ್ತ ಹೋಗಿ.

ಗಂಜಿ ಹಾಕಿದ ಅಂಗಿ ನೋಡಲು ಚೆಂದ, ಆದರೆ ನೇಯ್ಗೆಯ ಸಂದಿಗಳನ್ನು ಮುಚ್ಚುವ ಕೆಲಸ ಅದರದ್ದು. ನೂರು ಜಿಎಸ್‌ಎಂ ಬಟ್ಟೆ ಹುಡುಕಿ ತಂದು ಅದಕ್ಕೆ ಗಂಜಿ ಹಾಕುವುದು ಕಿಟಕಿ ಇಡಿಸಿ ಗೋಡೆ ಕಟ್ಟಿದಂತೆ. ಬಟ್ಟೆ ಮೆತ್ತಗಾಗಿಸುವ ದ್ರವವೂ ಎಳೆಯ ಮೇಲೆ ಜಿಡ್ಡಿನ ಲೇಪ ಬಿಡುತ್ತದೆ. ಆಟದ ಟೀಶರ್ಟಿಗಂತೂ ಅದು ಬೇಡವೇ ಬೇಡ. ಇಸ್ತ್ರಿಯಲ್ಲಿ ಮೂರು ಚುಕ್ಕೆ 200 ಡಿಗ್ರಿ, ಹತ್ತಿಗೆ; ಎರಡು ಚುಕ್ಕೆ 150, ಮಿಶ್ರಣಕ್ಕೆ. ಕಡುಬಣ್ಣದ ಪ್ಯಾಂಟನ್ನು ಒಳಮಗ್ಗುಲಿನಿಂದ ಇಸ್ತ್ರಿ ಮಾಡಿದರೆ ಕುಂಡೆಯ ಮೇಲೆ ಆ ಎಣ್ಣೆ ಹೊಳಪು ಬರುವುದಿಲ್ಲ.

ಮೈ ಹೇಳುವ ಗುರುತುಗಳು

ಸಂಜೆ ಬಟ್ಟೆ ಕಳಚಿದಾಗ ಒಂದು ನಿಮಿಷ ನೋಡಿ. ಕತ್ತಿನ ಹಿಂದೆ ಕೆಂಪು ಗೆರೆ ಇದ್ದರೆ ಕಾಲರ್ ಅಥವಾ ಚೀಟಿ. ಸೊಂಟದ ಸುತ್ತ ಗುಳ್ಳೆ ಇದ್ದರೆ ಇಲಾಸ್ಟಿಕ್ ಅಥವಾ ಬೆಲ್ಟು. ಬೆನ್ನ ನಡುವೆ ಇದ್ದರೆ ಬ್ಯಾಗು. ಬೆವರುಸಾಲೆ ಏಳುವುದು ಬೆವರಿನ ನಾಳದ ಬಾಯಿ ಕಟ್ಟಿಕೊಂಡಾಗ. ಅದರ ಮೇಲೆ ಪೌಡರ್ ಬಳಿದರೆ ಬೆವರಿನ ಜೊತೆ ಕಲಸಿ ಮೆತ್ತಿಕೊಳ್ಳುತ್ತದೆಯೇ ಹೊರತು ನಾಳ ತೆರೆಯುವುದಿಲ್ಲ. ತಣ್ಣೀರ ಸ್ನಾನ, ಒತ್ತಿ ಒರೆಸುವುದು, ಸಡಿಲ ಬಟ್ಟೆ, ಗಾಳಿ ಇಷ್ಟಕ್ಕೆ ಬಹಳಷ್ಟು ಸಲ ಇಳಿಯುತ್ತದೆ. ಕೀವು ಕಂಡರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ಮಗುವಿಗೆ ಒಂದು ಮಾತು ಕಲಿಸಿಡಿ: ತಲೆ ಸುತ್ತಿದರೆ, ವಾಕರಿಕೆ ಬಂದರೆ, ಮೊದಲು ಟೈ ಕಳಚಿ ಕಾಲರ್ ಗುಂಡಿ ಬಿಚ್ಚು, ನೆರಳಿಗೆ ಹೋಗು, ಟೀಚರಿಗೆ ಹೇಳು. ಶಿಸ್ತಿಗೆ ಹೆದರಿ ಬ್ಲೇಜರ್ ತೊಟ್ಟೇ ಕೂತ ಮಕ್ಕಳು ಕುಸಿಯುವುದುಂಟು. ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಗುರುತು ಹಿಡಿಯದಂತಾದರೆ ಅದು ಶಾಖಾಘಾತ. ಆಂಬ್ಯುಲೆನ್ಸ್ ಕರೆಸಿ, ಅದು ಬರುವವರೆಗೂ ಹೊರಬಟ್ಟೆ, ಶೂ, ಕಾಲುಚೀಲ ತೆಗೆದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಇರಬೇಕು.

ಶಾಲೆಯನ್ನು ಕೇಳುವುದಾದರೆ

‘ಯೂನಿಫಾರ್ಮ್ ಬದಲಿಸಿ’ ಎಂದು ಕೇಳಿದರೆ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ದಾಸ್ತಾನು, ಒಪ್ಪಂದ, ಹೆಸರು ಎಲ್ಲ ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ‘ಇಂತಿಷ್ಟು ಡಿಗ್ರಿ ದಾಟಿದ ದಿನ ಇದನ್ನು ಬಿಡಲು ಅವಕಾಶ ಕೊಡಿ’ ಎಂದು ಕೇಳಿದರೆ ದಾರಿ ಇದೆ. ಹತ್ತಾರು ಪೋಷಕರು ಸೇರಿ ಒಂದು ಪುಟದ ಪತ್ರ ಬರೆಯಿರಿ. ಬೇಡಿಕೆ ಮೂರಕ್ಕಿಂತ ಹೆಚ್ಚು ಬೇಡ, ಖರ್ಚಿಲ್ಲದವು ಮೊದಲು: ಬಿಸಿಯ ತಿಂಗಳುಗಳಲ್ಲಿ ಟೈ-ಬ್ಲೇಜರ್ ಐಚ್ಛಿಕ, ಆಟದ ದಿನ ಪೂರ್ತಿ ಆಟದ ಉಡುಪು, ಲಾಂಛನದ ಪಟ್ಟಿ ಬಿಡಿಯಾಗಿ ಮಾರಾಟ. ಬಟ್ಟೆಯ ಬದಲಾವಣೆ ಕೇಳುವುದಾದರೆ ‘ಒಳ್ಳೆಯ ಬಟ್ಟೆ’ ಎನ್ನದೆ ‘ಶೇ. 60 ಹತ್ತಿ, 110-120 ಜಿಎಸ್‌ಎಂ, ಸಾದಾ ನೇಯ್ಗೆ, ಮೊದಲೇ ಕುಗ್ಗಿಸಿದ್ದು’ ಎಂದು ಬರೆಯಿರಿ, ಒಗೆದ ತುಂಡೊಂದನ್ನು ಪತ್ರಕ್ಕೆ ಪಿನ್ ಮಾಡಿ. ಮುಂದಿನ ವರ್ಷದ ಬಟ್ಟೆಗೆ ಶಾಲೆ ಆರ್ಡರ್ ಕೊಡುವುದು ತರಗತಿ ಶುರುವಾಗುವುದಕ್ಕೆ ತಿಂಗಳುಗಳ ಮೊದಲೇ. ಆರ್ಡರ್ ಯಾವ ತಿಂಗಳು ಹೋಗುತ್ತದೆಂದು ಕಚೇರಿಯಲ್ಲಿ ಕೇಳಿಕೊಂಡು ಪತ್ರ ಅದಕ್ಕಿಂತ ಮುಂಚೆ ಮುಟ್ಟಿಸಿ.